ಎಡಕ್ಕೆ ಮಲಗಿದ ಕೂಸು

ನಾನು ಮಾನವಿಗೆ ಸೊಸೆಯಾಗಿ ಬಂದಾಗ ಇನ್ನೂ ನಿಜಾಮರ ಆಳಿಕೆ. ನನ್ನ ತವರು ದೇವದುರ್ಗ ತಾಲ್ಲೂಕಿನ ಗೂಗಲ್, ಕೃಷ್ಣೆಯ ದಂಡೆ. ಅಲ್ಲಿ ಚಳಿಜ್ವರ ಬಾರದ ಮನೆಯೇ ಇರಲಿಲ್ಲ. ಬಂದರೆ ಕಂಬಳಿ ಹೊದ್ದು ನಡುಗುವುದು, ಬಿಟ್ಟರೆ ಎದ್ದು ಕಸ ಹೊಡೆಯುವುದು, ಅಷ್ಟೇ. ಅದನ್ನೊಂದು ರೋಗವೆಂದು ಯಾರು ಎಣಿಸುತ್ತಿದ್ದರು? ನನ್ನ ಬೆನ್ನು ಹತ್ತಿ ಅದು ಗಂಡನ ಮನೆಗೂ ಬಂತು.

ಮದುವೆಯಾದ ಮರುವರ್ಷ ಮುಟ್ಟು ನಿಂತಿತು. ಬೆಳಗಾದರೆ ವಾಂತಿ. ಅನ್ನ ಸೇರದು, ಒಲೆಯ ಮಣ್ಣು ಮುರಿದು ಬಾಯಿಗೆ ಹಾಕಿಕೊಳ್ಳುವ ಆಸೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮುಖ ಬಿಳಿಚಿತು, ಹೊಟ್ಟೆ ಮುಂದೆ ಬಂತು. ಇಂಥವಳನ್ನು ಬಸುರಿ ಅನ್ನದೆ ಇನ್ನೇನು ಅಂತಾರೆ? ನಡುನಡುವೆ ಬರುತ್ತಿದ್ದ ಚಳಿಗೂ ಅತ್ತೆಯ ಹತ್ತಿರ ಉತ್ತರವಿತ್ತು: ಬಸುರಿಯ ಮೈ, ಒಮ್ಮೆ ಬಿಸಿ, ಒಮ್ಮೆ ತಂಪು.

ಸೂಲಗಿತ್ತಿ ಬಂದು, ಕೈಗೆ ಎಣ್ಣೆ ಹಚ್ಚಿಕೊಂಡು ಹೊಟ್ಟೆ ನೇವರಿಸಿದಳು. ಎಡಗಡೆ ಪಕ್ಕೆಲುಬಿನ ಕೆಳಗೆ ಗಟ್ಟಿಯಾದದ್ದೇನೋ ಅವಳ ಕೈಗೆ ಸಿಕ್ಕಿತು.

"ಕೂಸು ಎಡಕ್ಕ ಮಲಗ್ಯಾದ ನೋಡವ್ವಾ. ಎಡಕ್ಕ ಮಲಗಿದ್ರ ಹೆಣ್ಣು," ಅಂದಳು.

ಗಂಡಿಗಾಗಿ ಹರಕೆ ಹೊತ್ತಿದ್ದ ಅತ್ತೆಯ ಮುಖ ಸಣ್ಣದಾಯಿತು. ಆದರೂ ಸಂಜೆಯ ಹೊತ್ತಿಗೆ ಹಳೆ ಸೀರೆ ಹರಿದು ಕೌದಿ ಹೊಲಿಯಲು ಕೂತಿದ್ದರು. "ಹೆಣ್ಣಾದ್ರೇನು, ಮನಿಗೆ ಲಕ್ಷ್ಮಿ," ಎಂದು ತಮಗೆ ತಾವೇ ಹೇಳಿಕೊಂಡರು. ನಾನಂತೂ ಒಳಗೆ ಗುಡುಗುಡು ಹರಿದಾಡಿದಾಗಲೆಲ್ಲ, "ಮಕ್ಕೊ ಬೇ, ಅಜ್ಜಿ ಬೈತಾಳ," ಎಂದು ಹೊಟ್ಟೆಯ ಜೊತೆ ಮಾತಾಡುತ್ತಿದ್ದೆ.

ಐದು ತಿಂಗಳಾಯಿತೆಂದು ಕುಬಸ ಮಾಡಿದರು, ಬಸುರಿಗೆ ಹಸಿರು ಸೀರೆ, ಹೊಸ ಕುಬಸ ತೊಡಿಸಿ ಉಡಿ ತುಂಬುವ ಕಾರ್ಯ. ಗೂಗಲ್‌ನಿಂದ ಅವ್ವ ಬುತ್ತಿ ಹೊತ್ತು ಬಂದಳು. ಕುಬಸ ತೊಡಿಸುವಾಗ ಅವಳ ಕೈ ನನ್ನ ಎಡಪಕ್ಕೆಗೆ ತಾಗಿ ಅಲ್ಲೇ ನಿಂತಿತು. ಪಡಸಾಲೆಯಲ್ಲಿ ಹೆಂಗಸರು ಹಾಡು ಹೇಳುತ್ತಿದ್ದರು. ಅವ್ವ ಕಿವಿಯ ಹತ್ತಿರ ಬಗ್ಗಿ, "ಯವ್ವಾ, ಇದು ಕೂಸಲ್ಲ ಅನಸ್ತದ. ಜ್ವರಗಡ್ಡಿ. ನಮ್ಮೂರಾಗ ಎಷ್ಟು ಹುಡುಗರ ಹೊಟ್ಟ್ಯಾಗ ನೋಡೀನಿ," ಅಂದಳು.

ನನಗೆ ಸಿಟ್ಟು ಬಂತು. ಹೆತ್ತವಳಿಗೇ ಮಗಳ ಬಸುರು ಕಂಡರೆ ಹೊಟ್ಟೆಕಿಚ್ಚೇ ಅನ್ನಿಸಿತು.

ಬೀಗರಿಗೆ ಅದನ್ನು ನೇರ ಹೇಳುವ ಹಾಗಿರಲಿಲ್ಲ. ರೋಗದ ಹುಡುಗಿಯನ್ನು ಕೊಟ್ಟಿರಿ ಅಂದರೆ ಮುಗಿಯಿತು. ಅವ್ವ ಸುತ್ತಿ ಬಳಸಿ, "ಯಕ್ಕಾ, ಹುಡುಗಿ ಭಾಳ ಸೊರಗ್ಯಾಳ, ಒಮ್ಮಿ ರಾಯಚೂರ ದವಾಖಾನಿಗೆ ತೋರಸೂಣೇನ್ರಿ?" ಅಂದಳು.

ಮೂವರೂ ಮೋಟಾರಿನಲ್ಲಿ ಹೋದೆವು. ದಾಕ್ತರಮ್ಮ ಕಣ್ಣ ರೆಪ್ಪೆ ಎಳೆದು ನೋಡಿದರು, ಪಕ್ಕೆ ಒತ್ತಿದರು, ಕಿಬ್ಬೊಟ್ಟೆ ಒತ್ತಿದರು. ಕೊನೆಗೆ ಅತ್ತೆಯ ಕಡೆ ತಿರುಗಿ, "ಬಚ್ಚಾ ನೈ ಅಮ್ಮಾ, ತಿಲ್ಲಿ ಹೈ," ಅಂದರು. ಕೂಸಿಲ್ಲ, ಗುಲ್ಮ ಬಾತಿದೆ. ಮಲೇರಿಯಾ ಮತ್ತೆ ಮತ್ತೆ ಬಂದು ಮೈಯ ರಕ್ತ ತಿಂದಿದೆ; ಮುಟ್ಟು ನಿಂತದ್ದು, ಮಣ್ಣಿನ ಆಸೆ, ಏದುಸಿರು ಎಲ್ಲ ರಕ್ತವಿಲ್ಲದ್ದಕ್ಕೇ. ಸೊಳ್ಳೆ ಕಡಿದು ಬರುವ ರೋಗವಂತೆ. ಒಂದು ಸೊಳ್ಳೆ ನನಗೆ ಹೊಟ್ಟೆ ಬರಿಸಿತೇ?

"ಒಳಗ ಹರದಾಡತದಲ್ರಿ," ಅಂದೆ.

"ವಾಯು," ಅಂದರು.

ಕ್ವಿನೈನ್ ಗುಳಿಗೆ ಕೊಟ್ಟು ಕಳಿಸಿದರು. ಮನೆಗೆ ಬಂದರೆ ಸೂಲಗಿತ್ತಿ ಕಟ್ಟೆಯ ಮೇಲೆ ಕೂತಿದ್ದಳು. "ಆ ಗುಳಿಗಿ ನುಂಗಿದ್ರ ಕೂಸು ಇಳದು ಹೋಗ್ತದ, ನಾ ಕಣ್ಣಾರೆ ಕಂಡೀನಿ," ಅಂದಳು. ನನಗೆ ದಿಕ್ಕೇ ತೋಚಲಿಲ್ಲ. ಕೂಸಿದ್ದರೆ ಗುಳಿಗೆ ಅದನ್ನು ಕೊಲ್ಲುತ್ತದೆ. ಕೂಸಿಲ್ಲದಿದ್ದರೆ, ಗುಳಿಗೆ ಬಿಟ್ಟ ನಾನು ಸಾಯುತ್ತೇನೆ. ಅವ್ವ ನುಂಗು ಅಂದಳು. ಸೂಲಗಿತ್ತಿ ಬೇಡ ಅಂದಳು. ಗಂಡ, ಇದು ಹೆಂಗಸರ ವಿಷಯವೆಂದು ಅಂಗಳ ದಾಟಿ ಹೋದ. ನಾನು ಅತ್ತೆಯ ಮುಖ ನೋಡಿದೆ. ಅವರು ನೀರಿನ ತಂಬಿಗೆ ತಂದು ಮುಂದಿಟ್ಟು, "ನೀ ಉಳದ್ರ ಮುಂದಿನ ಮಾತು. ನುಂಗು," ಅಂದರು. ನುಂಗಿದೆ. ಅದರ ಮುಂದೆ ಹಾಗಲಕಾಯಿ ಬೆಲ್ಲ.

ಜ್ವರ ಬಿಟ್ಟಿತು. ಹಸಿವಾಯಿತು. ಹೊಟ್ಟೆ ಇಳಿಯತೊಡಗಿತು, ಇಳಿದಷ್ಟೂ ನನಗೆ ಅಳು. ಓಣಿಯ ಹೆಂಗಸರು ನೋಡಲು ಬಂದಾಗ ಒಬ್ಬಳು, "ಆರಾಮಾತಲ್ಲ, ದೇವರು ದೊಡ್ಡಾವ," ಅಂದರೆ ಇನ್ನೊಬ್ಬಳು, "ಅಳಬ್ಯಾಡ, ಇನ್ನೂ ಸಣ್ಣಾಕಿ ಅದಿ," ಅನ್ನುತ್ತಿದ್ದಳು. ಯಾರ ಮಾತಿಗೆ ತಲೆಯಾಡಿಸಬೇಕೋ ತಿಳಿಯುತ್ತಿರಲಿಲ್ಲ. ರಕ್ತ ಹೋಗಲಿಲ್ಲ, ಬೇನೆ ಬರಲಿಲ್ಲ, ಹೂಳಲು ಏನೂ ಇರಲಿಲ್ಲ. ಹಾಗಾದರೆ ನಾನು ಅತ್ತದ್ದು ಯಾರಿಗೆ? ಇವತ್ತಿಗೂ ನನಗೆ ಗೊತ್ತಿಲ್ಲ.

ಎರಡು ವರ್ಷ ಕಳೆದು ನಿಜವಾಗಿ ಬಸುರಾದೆ. ಈ ಸಲ ಅತ್ತೆ ಸೂಲಗಿತ್ತಿಯನ್ನು ಕರೆಸಲಿಲ್ಲ, ತಾವೇ ರಾಯಚೂರಿಗೆ ಕರೆದೊಯ್ದರು. ದವಾಖಾನೆಯ ನರ್ಸಮ್ಮ ನನ್ನನ್ನು ಮಲಗಿಸಿ, "ಮೊದಲನೇ ಬಸರೇನ್ರಿ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಂದರು: "ಅಲ್ರಿ, ಎರಡನೇದು."