ಗಂಗವ್ವನ ಜಾಗದಲ್ಲಿ ಕುಳಿತವಳು

"ಗಂಗವ್ವಾ..." ಎಂದು ಬಸಲಿಂಗವ್ವ ಹೆಸರು ಕರೆದಳು. ಕೌದಿಯ ಮೇಲೆ ಸುತ್ತ ಕುಳಿತಿದ್ದ ಹೆಂಗಸರೆಲ್ಲ ನನ್ನನ್ನೇ ನೋಡಿದರು. ಗಂಗವ್ವ ಸತ್ತು ಆಗಲೇ ಕೆಲವು ತಿಂಗಳಾಗಿತ್ತು.

ನಾನು ಮೈಸೂರಿನವಳು. ಎಪ್ಪತ್ತೈದರ ಸುಮಾರಿಗೆ ಗಂಡನಿಗೆ ಬೈಲಹೊಂಗಲದ ಹತ್ತಿ ಮಾರುಕಟ್ಟೆಗೆ ವರ್ಗವಾಯಿತು, ಹಿಂದೆಯೇ ಬಂದೆ. ಕಪ್ಪು ಮಣ್ಣು, ಜೋಳದ ರೊಟ್ಟಿ, ಪ್ರೀತಿಯಿಂದ ಕರೆದರೂ ಜಗಳವೇನೋ ಅನ್ನಿಸುವ ಕನ್ನಡ. ಮೊದಮೊದಲು ಬಾಗಿಲು ಹಾಕಿಕೊಂಡು ಅತ್ತಿದ್ದೇನೆ, ಸುಳ್ಳು ಯಾಕೆ? ಮನೆ ಮಾಲಕಿ ಬಸಲಿಂಗವ್ವನೇ ನನ್ನನ್ನು ಎಳೆದೊಯ್ದು ಭಿಶಿಗೆ ಸೇರಿಸಿದಳು. ಭಿಶಿ ಅಂದರೆ ಹೆಚ್ಚುಕಮ್ಮಿ ನಮ್ಮ ಚೀಟಿಯಂತೆ: ತಿಂಗಳಿಗೊಮ್ಮೆ ಎಲ್ಲರೂ ದುಡ್ಡು ಹಾಕುವುದು, ಪಾಳಿ ಬಂದವರು ಎತ್ತುವುದು. ಕಂಬದ ಪಕ್ಕ ಜಾಗ ಖಾಲಿ ಇತ್ತು. ಕುಳಿತೆ.

"ಓ ಅನ್ರಿ ಬಾಯಾರ. ಆಕಿ ಜಾಗಾದಾಗ ಕುಂತೀರಿ," ಎಂದಳು ಬಸಲಿಂಗವ್ವ.

"ಸತ್ತವರ ಹೆಸರಿಗೆ ನಾನ್ಯಾಕೆ ಓ ಅನ್ನಲಿ?"

"ಅಲ್ಲಿ ಕುಂತವ್ರು ಆ ತಿಂಗಳ ಆಕಿ ಪಾಲೂ ಹಾಕಬೇಕ್ರಿ. ಇಷ್ಟ ದಿನ ತಿಂಗಳಿಗೊಬ್ರು ತಾವಾಗೇ ಕುಂತೀವಿ. ಆಕಿ ಪಾಳಿ ಬಂದಾಗ ರೊಕ್ಕ ಆಕಿ ಮಗಳು ಶಾಂತಾಗ, ಹೊಲಿಗಿ ಮಷೀನಿಗೆ."

ನನಗೆ ರೇಗಿತು. ಮೈಸೂರಲ್ಲಿ ಚೀಟಿ ಕೂಗುತ್ತಾರೆ. ಯಾರಿಗೆ ಅವಸರ ಹೆಚ್ಚೋ ಅವರು ಹೆಚ್ಚು ಕಳೆದುಕೊಂಡು ಎತ್ತುತ್ತಾರೆ, ಉಳಿಕೆಯನ್ನು ಮಿಕ್ಕವರು ಹಂಚಿಕೊಳ್ಳುತ್ತಾರೆ. ಕಟ್ಟದವರ ಹೆಸರು ಹೊಡೆದು ಹಾಕುತ್ತಾರೆ. ಇಲ್ಲೂ ಹಾಗೇ ಮಾಡಿ ಅಂದೆ.

"ನಿಮ್ಮ ಮೈಸೂರಾಗ ಮನಷ್ಯಾ ಸತ್ರ ಹೆಸರೂ ಸಾಯ್ತೈತೇನ್ರಿ?" ಎಂದು ಯಾರೋ ಚುಚ್ಚಿದರು. ಎಲ್ಲರೂ ನಕ್ಕರು.

ಹೊಸ್ತಿಲಲ್ಲಿ ನಿಂತಿದ್ದ ಶಾಂತಾ ನಗಲಿಲ್ಲ. ಉಗರಗೋಳದ ಸೋದರಮಾವನ ಮನೆಯಲ್ಲಿ ಎಣಿಸಿ ಹಾಕಿದ ರೊಟ್ಟಿ ತಿನ್ನುತ್ತಿದ್ದ ಹುಡುಗಿ. ಮಷೀನು ಬಂದರಷ್ಟೇ ಅವಳಿಗೆ ಸ್ವಂತ ಒಲೆ. ನನ್ನನ್ನಲ್ಲ, ನಾನು ಕುಳಿತ ಜಾಗವನ್ನು ನೋಡುತ್ತಿದ್ದಳು. ಗೊಣಗಿಕೊಂಡೇ ಓ ಅಂದೆ, ಎರಡು ಪಾಲು ಹಾಕಿದೆ.

ಮರುತಿಂಗಳು ಬೇರೆ ಕಡೆ ಕೂರಬೇಕೆಂದೇ ಹೋದೆ. ಕಾಲು ಕಂಬದ ಕಡೆಗೇ ನಡೆಯಿತು. ಬೆನ್ನು ತಾಗಿಸಿದರೆ ಯಾರೋ ಸರಿದು ಜಾಗ ಬಿಟ್ಟಂತಾಗುತ್ತಿತ್ತು. ಆಮೇಲೆ ಪ್ರತಿ ತಿಂಗಳೂ ಅಲ್ಲೇ, ಎರಡು ಪಾಲು ಹಾಕುತ್ತಾ. ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ "ಗಂಗವ್ವಾ" ಎಂದು ಕರೆದಂತಾಗಿ ಓ ಅಂದುಬಿಡುತ್ತಿದ್ದೆ. ನಗಬೇಡಿ.

ಗಂಗವ್ವನ ಪಾಳಿ ಬಂತು, ಮಷೀನೂ ಬಂತು. ಶಾಂತಾ ಮೊದಲು ಹೊಲಿದದ್ದು ನನಗೊಂದು ಕುಪ್ಪಸ. ನನ್ನ ಅಳತೆ ತೆಗೆದೇ ಇರಲಿಲ್ಲ. ಅವ್ವನ ಹಳೆಯ ಕುಪ್ಪಸವಿಟ್ಟು ಕತ್ತರಿಸಿದ್ದಳು. ತೊಟ್ಟೆ. ಮೈಗೆ ಸರಿಯಾಗಿ ಕೂತಿತು.

ಮುಂದಿನ ಸುತ್ತು ಅರ್ಧವಾಗಿರುವಾಗ ಮತ್ತೆ ಮೈಸೂರಿಗೆ ವರ್ಗ. ಇಲ್ಲಿ ಚೀಟಿಗೆ ಸೇರಿದೆ. ಕೂಗಲು ಬಾಯೇ ಬರಲಿಲ್ಲ. ನನ್ನನ್ನೀಗ ಎಲ್ಲರೂ "ಬೈಲಹೊಂಗಲದವಳು" ಅನ್ನುತ್ತಾರೆ. ಅಲ್ಲಿದ್ದಷ್ಟು ದಿನ ನಾನು ಮೈಸೂರು ಬಾಯಾರು.

ಮೊನ್ನೆ ಶಾಂತಾ ಬಂದಿದ್ದಳು.

"ಕಂಬದ ಪಕ್ಕದ ಜಾಗಕ್ಕೆ ಈಗ ಯಾರ ಹೆಸರು ಕರೀತಾರೆ?"

"ಅವ್ವನ ಸುತ್ತು ಮುಗೀತಲ್ರಿ. ಈಗ ನಿಮ್ಮ ಹೆಸರು ಕರೀತಾರ. ನಿಮ್ಮ ಪಾಲು ನಾ ಹಾಕತೇನಿ."

"ನಾನು ಬದುಕಿದ್ದೀನಲ್ಲೇ!"

"ಊರು ಬಿಟ್ಟೀರಲ್ರಿ. ಕಂಬದ ಕಡೆ ನಾನ ಕುಂತು ಓ ಅಂತೇನಿ."

ಭಿಶಿಯ ದಿನ ನನಗೆ ಗೊತ್ತು. ಆ ಮಧ್ಯಾಹ್ನ ಇಲ್ಲಿ ಯಾರಾದರೂ ನನ್ನ ಹೆಸರು ಹಿಡಿದು ಕೂಗಿದರೆ, ಮೊದಲು ಅಲ್ಲಿ ಶಾಂತಾ ಅನ್ನಲಿ ಎಂದು, ತಕ್ಷಣ ಓ ಅನ್ನಲಾಗುವುದಿಲ್ಲ.