ಮಗ್ಗದ ಖಾತೆಯ ಹನ್ನೊಂದು ಮಂದಿ

ನಾನು ಟಿ.ವಿ.ಯಲ್ಲಿ ಫುಟ್‌ಬಾಲ್ ನೋಡುವಾಗ ಧ್ವನಿಯನ್ನು ಪೂರ್ತಿ ಇಳಿಸಿಬಿಡುತ್ತೇನೆ. ಮೊಮ್ಮಕ್ಕಳಿಗೆ ಇದು ಸೇರುವುದಿಲ್ಲ. "ಗದ್ದಲ ಇಲ್ಲದ್ದು ಎಂಥಾ ಮ್ಯಾಚ್ ಅಜ್ಜಿ?" ಎಂದು ರಿಮೋಟ್ ಕಸಿದುಕೊಳ್ಳಲು ಬರುತ್ತಾರೆ. ನಾನು ಕೊಡುವುದಿಲ್ಲ. ನಾನು ಮೊದಲು ಕಂಡ ತಂಡ ಮೈದಾನದಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವರಿಗಿಂತ ಚೆನ್ನಾಗಿ ಆಡುವವರನ್ನು ಆಮೇಲೆ ಬೇಕಾದಷ್ಟು ನೋಡಿದ್ದೇನೆ. ಅವರಿಗಿಂತ ದೊಡ್ಡವರನ್ನು ನೋಡಿಲ್ಲ. ಇದನ್ನು ಒಪ್ಪದವರ ಜೊತೆ ನಾನು ವಾದಕ್ಕೂ ಇಳಿಯುವುದಿಲ್ಲ, ಚಹಾ ಕೊಟ್ಟು ಕಳಿಸುತ್ತೇನೆ.

ನಮ್ಮದು ಅಕ್ಕಲಕೋಟೆ ಕಡೆಯ ಹಳ್ಳಿ. ಊರ ಸಾಲಿ ನಾಲ್ಕನೆಯ ಇಯತ್ತೆಗೆ ಮುಗಿಯುತ್ತಿತ್ತು. ಮುಂದೆ ಓದುತ್ತೇನೆಂದು ನಾನು ಹಟ ಹಿಡಿದು ಎರಡು ದಿನ ಊಟ ಬಿಟ್ಟೆ. ಅಪ್ಪ ಬೇಸತ್ತು ನನ್ನನ್ನು ಸೊಲ್ಲಾಪುರದಲ್ಲಿ ತನ್ನ ತಂಗಿಯ ಮನೆಯಲ್ಲಿ ಬಿಟ್ಟುಬಂದ. ಐವತ್ತರ ದಶಕದ ಮೊದಲ ವರ್ಷಗಳು ಅವು. ಅತ್ತೆಯ ಗಂಡ, ಅಂದರೆ ನಮ್ಮ ಮಾವ, ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದರು. ಕೆಲಸಗಾರರ ಸಾಲುಮನೆಗಳಿದ್ದ ಗಿರಣಿಯ ಚಾಳಿನಲ್ಲಿ ಒಂದು ಖೋಲಿ, ಹಿಂದೆ ಒಂದು ಗೋಡೆ, ಗೋಡೆಯ ಆಚೆ ಮೈದಾನ. ಅವರಿಗೆ ಮಕ್ಕಳಿರಲಿಲ್ಲ. ನನ್ನನ್ನು ಬೈಯಲು ಇಬ್ಬರಿಗೂ ಬರುತ್ತಿರಲಿಲ್ಲ, ಅದರ ಲಾಭವನ್ನು ನಾನು ಚೆನ್ನಾಗಿಯೇ ಪಡೆದೆ.

ಗಿರಣಿಯಲ್ಲಿ ಒಂದು ಫುಟ್‌ಬಾಲ್ ತಂಡವಿತ್ತು. ಹನ್ನೊಂದು ಮಂದಿಯೂ ಮಗ್ಗದ ಖಾತೆಯವರು, ಅಂದರೆ ನೇಯುವ ವಿಭಾಗದವರು. ಕನ್ನಡದವರು, ಮರಾಠಿಯವರು, ತೆಲುಗಿನವರು, ಇಬ್ಬರು ಮುಸಲ್ಮಾನರು. ಮಾವ ಗೋಲ್‌ಕೀಪರ್. ಅವರ ಖಾತೆಯ ಜಾಬರ್, ಅಂದರೆ ಮಗ್ಗದವರ ಮೇಲಿನ ಮೇಸ್ತ್ರಿ, ತಂಡದ ಕ್ಯಾಪ್ಟನ್. ಅವರನ್ನು ನಾನು ಜಾಬರ್ ಕಾಕಾ ಎನ್ನುತ್ತಿದ್ದೆ. ಯಾರ ಕಾಲಿಗೂ ಬೂಟು ಇರಲಿಲ್ಲ. ಬಟ್ಟೆಯ ಅಂಚು ಕತ್ತರಿಸಿ ಉಳಿದ ಚಿಂದಿಯ ಪಟ್ಟಿಗಳನ್ನು ಅಂಗಾಲಿಗೂ ಹರಡಿಗೂ ಬಿಗಿದು ಸುತ್ತಿಕೊಂಡು ಇಳಿಯುತ್ತಿದ್ದರು. ಮಾವನ ಪಟ್ಟಿಗಳನ್ನು ಅತ್ತೆ ಹಿಂದಿನ ದಿನವೇ ಒಗೆದು, ಗಂಜಿ ಹಾಕದೆ ಮೆತ್ತಗೆ ಒಣಗಿಸಿ ಇಡುತ್ತಿದ್ದಳು. ಆದರೆ ಅವಳು ಒಂದು ಮ್ಯಾಚನ್ನೂ ನೋಡಲಿಲ್ಲ. ಗಂಡಸರ ನಡುವೆ ಹೋಗಿ ನಿಲ್ಲುವ ಕಾಲವಲ್ಲ ಅದು. ಹತ್ತು ವರ್ಷದ ನನಗೆ ಆ ಕಟ್ಟಳೆ ಇನ್ನೂ ಹತ್ತಿರಲಿಲ್ಲ. ನಾನು ಗೋಡೆಯ ಮೇಲೆ ಕೂತು ನೋಡಿ ಬರುತ್ತಿದ್ದೆ. ಒಲೆಯ ಮುಂದೆ ಒಂದು ಬಟಾಟೆಯನ್ನು ಚೆಂಡು ಮಾಡಿಕೊಂಡು ಅತ್ತೆಗೆ ಇಡೀ ಮ್ಯಾಚನ್ನು ಮತ್ತೆ ಆಡಿ ತೋರಿಸುತ್ತಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಮಾವ ಗೋಲು ಬಿಟ್ಟುಕೊಟ್ಟ ಕಡೆ ಬಂದಾಗ "ಅದನ್ನ ಬಿಡು, ಮುಂದ ಹೇಳು" ಎನ್ನುತ್ತಿದ್ದಳು.

ಅವರ ಆಟವನ್ನು ಹೇಗೆ ವರ್ಣಿಸಲಿ? ಸಾವಿರ ಮಗ್ಗ ಒಟ್ಟಿಗೆ ಬಡಿಯುವ ಖಾತೆಯಲ್ಲಿ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುವುದಿಲ್ಲ. ಅದಕ್ಕೆ ಅಲ್ಲಿನವರು ಕೈಸನ್ನೆಯಲ್ಲಿ, ತುಟಿಯ ಅಲುಗಾಟದಲ್ಲಿ ಮಾತಾಡುತ್ತಾರೆ. ಅದೇ ಸನ್ನೆ ಮೈದಾನಕ್ಕೂ ಬಂದಿತ್ತು. ಎರಡು ಬೆರಳು ಚಿವುಟಿ ಬಿಟ್ಟರೆ ಎಳೆ ಹರಿದಿದೆ ಎಂದರ್ಥ. ಮೈದಾನದಲ್ಲಿ, ಇಲ್ಲಿ ಸಂದು ಬಿದ್ದಿದೆ, ಬಂದು ತುಂಬು. ತಲೆಯ ಮೇಲೆ ಅಂಗೈ ಇಟ್ಟರೆ ಸಾಹೇಬ ಬರುತ್ತಿದ್ದಾನೆ. ಮೈದಾನದಲ್ಲಿ, ನಿನ್ನ ಬೆನ್ನ ಹಿಂದೆ ಒಬ್ಬನಿದ್ದಾನೆ. ಕೈಯನ್ನು ಅಡ್ಡ ಸರಿಸಿದರೆ ಲಾಳಿ. ಮೈದಾನದಲ್ಲಿ, ಚೆಂಡನ್ನು ಆ ಬದಿಗೆ ದಾಟಿಸು. ಎದುರಾಳಿಗಳು "ಪಾಸ್ ದೇ, ಪಾಸ್ ದೇ" ಎಂದು ಗಂಟಲು ಹರಿದುಕೊಳ್ಳುವಾಗ ನಮ್ಮವರು ತೆಪ್ಪಗೆ ಬೆರಳಾಡಿಸುತ್ತ ಚೆಂಡನ್ನು ಈ ಬದಿಯಿಂದ ಆ ಬದಿಗೆ ನೇಯುತ್ತಿದ್ದರು. ಎದುರಾಳಿಗೆ ಗುಟ್ಟು ತಿಳಿಯದಿರಲೆಂದು ಮಾಡಿದ ಉಪಾಯವಿದು ಎಂದು ನಾನು ಸಾಲಿಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಎಲ್ಲ ಸನ್ನೆಗಳೂ ನನಗೆ ಬಾಯಿಪಾಠವಾಗಿದ್ದವು.

ಅತ್ತೆಯ ಮನೆಯಲ್ಲಿದ್ದ ಎರಡನೆಯ ವರ್ಷ ನನಗೊಂದು ಸಂಗತಿ ಗೊತ್ತಾಯಿತು. ಒಂದು ಮುಂಜಾನೆ ಹಿತ್ತಾಳೆಯ ಕೊಡ ನನ್ನ ಕೈಜಾರಿ ಮಾವನ ಬೆನ್ನ ಹಿಂದೆಯೇ ಬಿತ್ತು. ಅಕ್ಕಪಕ್ಕದ ಖೋಲಿಯವರು ಹೊರಗೆ ಬಂದರು. ಮಾವ ಮಾತ್ರ ಕತ್ತು ಕೂಡ ತಿರುಗಿಸದೆ ದಾಡಿ ಮಾಡಿಕೊಳ್ಳುತ್ತಿದ್ದರು. ನಾನು ಅತ್ತೆಯ ಮುಖ ನೋಡಿದೆ. ಅವಳು ನನ್ನನ್ನು ಒಳಗೆ ಎಳೆದುಕೊಂಡು ಹೋದಳು.

"ಈ ಮಾತು ಈ ಮನಿ ಬಿಟ್ಟು ಹೊರಗ ಹೋಗಬಾರದು ನೋಡು" ಎಂದಳು. "ಸಾಹೇಬಗ ಗೊತ್ತಾತಂದ್ರ ನಿಮ್ಮ ಮಾವಗ ಮಗ್ಗಾನೂ ಹೋತು, ಚೆಂಡೂ ಹೋತು. ಮಗ್ಗ ಹೋದ್ರ ಹೆಂಗರ ಬದುಕತಾರ. ಚೆಂಡು ಹೋದ್ರ ಆ ಮನಷ್ಯಾ ಬದುಕಂಗಿಲ್ಲ."

ಮಗ್ಗ ಕೆಡುವ ಮೊದಲು ಅದರ ಸದ್ದು ಕೆಡುತ್ತದೆ. ಕಿವಿ ಹೋದವನನ್ನು ಸಾಹೇಬ ಮಗ್ಗದ ಮುಂದೆ ನಿಲ್ಲಗೊಡುತ್ತಿರಲಿಲ್ಲ. ಅಂಥ ಒಬ್ಬ ಮುದುಕನನ್ನು ಗಂಟು ಹೊರುವ ಕೆಲಸಕ್ಕೆ ಹಾಕಿದ್ದನ್ನು ಇಡೀ ಚಾಳು ಕಂಡಿತ್ತು. ಮಗ್ಗದ ಖಾತೆ ಬಿಟ್ಟವನಿಗೆ ತಂಡದಲ್ಲಿಯೂ ಜಾಗವಿರಲಿಲ್ಲ. ಅತ್ತೆ ನನ್ನಿಂದ ಆಣೆ ಹಾಕಿಸಿಕೊಂಡಳು. ಅಂದಿನಿಂದ ಗೋಡೆಯ ಮೇಲೆ ಕೂತ ನನಗೆ ಜೀವ ಕೈಯಲ್ಲಿ ಹಿಡಿದುಕೊಂಡು ಮ್ಯಾಚ್ ನೋಡುವುದಾಯಿತು. ರೆಫರಿ ಸೀಟಿ ಊದಿದಾಗಲೆಲ್ಲ ಮಾವನಿಗೆ ಅದು ಗೊತ್ತಾಯಿತೋ ಇಲ್ಲವೋ ಎಂದು ನೋಡುತ್ತಿದ್ದೆ. ಅವರು ಉಳಿದವರ ಕಾಲು ನಿಂತದ್ದನ್ನು ನೋಡಿ ತಾವೂ ನಿಲ್ಲುತ್ತಿದ್ದರು. ಎಷ್ಟು ಚುರುಕೆಂದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಆ ವರ್ಷ ಜೋಳದ ರಾಶಿ ಮುಗಿದ ಮೇಲೆ ಅಕ್ಕಲಕೋಟೆಯ ಬಯಲಿನಲ್ಲಿ ಒಂದು ಢಾಲಿಗಾಗಿ, ಅಂದರೆ ಗೆದ್ದವರಿಗೆ ಕೊಡುವ ಶೀಲ್ಡಿಗಾಗಿ, ಪಂದ್ಯಗಳು ನಡೆದವು. ಕೊನೆಯ ಪಂದ್ಯ ನಮ್ಮ ಗಿರಣಿಗೂ ರೈಲ್ವೆಯವರಿಗೂ. ನನ್ನ ಊರ ಹತ್ತಿರವೇ ಎಂಬ ನೆಪ ಹೇಳಿ ನಾನೂ ಗಿರಣಿಯ ಲಾರಿ ಹತ್ತಿದೆ. ಮಗ್ಗದ ಸಾಹೇಬ ಕೂಡ ಬಂದಿದ್ದರು. ಮುಂಬಯಿ ಕಡೆಯ ಮರಾಠಿಯವರು, ಕನ್ನಡದ ಒಂದಕ್ಷರ ತಿಳಿಯದು, ಮಾತು ಬಿಗಿ. ಆದರೆ ತಂಡದ ಮೇಲೆ ಅವರಿಗೆ ಜೀವ. ರೈಲ್ವೆ ತಂಡದವರು ಬೂಟು ತೊಟ್ಟು ಟಕಟಕ ಎಂದು ನಡೆಯುತ್ತಿದ್ದರು. ಅವರ ಕಡೆಯ ಮಂದಿಯೂ ಬಹಳ ಇತ್ತು. ಅದರಲ್ಲಿ ಹೊಟಗಿ ಕಡೆಯ ಕನ್ನಡದವರೊಬ್ಬರು, ದಪ್ಪನೆಯ ಗಾರ್ಡು, ರಜೆಯ ದಿನವೂ ಸೀಟಿಯನ್ನು ಕೊರಳಲ್ಲಿ ಹಾಕಿಕೊಂಡು ಬಂದು ಗೆರೆಗೆ ಹತ್ತಿ ನಿಂತಿದ್ದರು.

ಮ್ಯಾಚ್ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ನಮ್ಮವರು ಒಂದು ಗೋಲು ಮುಂದಿದ್ದರು. ರೈಲ್ವೆಯವರ ಫಾರ್ವರ್ಡ್ ಒಬ್ಬನಿಗೆ ನಡುಬಯಲಲ್ಲಿ ಚೆಂಡು ಸಿಕ್ಕಿತು. ಗಾರ್ಡಿಗೆ ತಡೆಯಲಾಗಲಿಲ್ಲ. ಅವರ ಕೈ ತಾನಾಗಿಯೇ ಕೊರಳಿಗೆ ಹೋಯಿತು, ಸೀಟಿ ಬಾಯಿಗೆ ಬಂತು, ಎದೆ ತುಂಬಿ ಊದಿಬಿಟ್ಟರು.

ಮುಂದೆ ಆದದ್ದು ಈ ಎರಡು ತಂಡಗಳ ನಡುವೆ ಮಾತ್ರ ಆಗಬಹುದಾದದ್ದು. ಗಿರಣಿಯವರಿಗೆ ಪಾಳಿ ಮುಗಿಯಿತೆಂದು ಕೂಗುವ ಭೋಂಗಾ ಎಂದರೆ, ಸೀಟಿ ಎಂದರೆ, ಕೈ ನಿಲ್ಲಿಸು ಎಂದೇ. ಆ ಅಭ್ಯಾಸ ಮೈಗೆ ಹತ್ತಿಬಿಟ್ಟಿರುತ್ತದೆ. ನಮ್ಮ ಹತ್ತೂ ಮಂದಿ ಇದ್ದಲ್ಲೇ ನಿಂತರು. ಜಾಬರ್ ಕಾಕಾ ಟೊಂಕದ ಮೇಲೆ ಕೈಯಿಟ್ಟು ರೆಫರಿಯ ಕಡೆ ತಿರುಗಿದರು. ರೈಲ್ವೆಯವರಿಗೆ ಗಾರ್ಡಿನ ಸೀಟಿ ಎಂದರೆ ಗಾಡಿ ಬಿಡು ಎಂದು. ಅವರ ಫಾರ್ವರ್ಡ್ ಓಡತೊಡಗಿದ. ಊದಿದ್ದು ನಾನಲ್ಲ, ಆಟ ನಡೆಯಲಿ ಎಂದು ರೆಫರಿ ಎರಡೂ ಕೈ ಬೀಸುತ್ತಿದ್ದರು. ನಮ್ಮವರು ಅದನ್ನು ಕಾಣುವಷ್ಟರಲ್ಲಿ ಅವನು ಎಲ್ಲರನ್ನೂ ದಾಟಿಯಾಗಿತ್ತು.

ಮಾವ ಮಾತ್ರ ನಿಂತಿರಲಿಲ್ಲ. ಅವರ ಕಣ್ಣು ಚೆಂಡಿನ ಮೇಲಿತ್ತು, ಉಳಿದವರ ಕಾಲಿನ ಮೇಲಿರಲಿಲ್ಲ. ಗೋಲು ಬಿಟ್ಟು ಮುಂದೆ ಓಡಿಬಂದು, ಆ ಬೂಟುಗಾಲಿನ ಮುಂದೆ ಉದ್ದಕ್ಕೆ ಬಿದ್ದು, ಚೆಂಡನ್ನು ಹೊಟ್ಟೆಯೊಳಗೆ ಅಪ್ಪಿಕೊಂಡರು. ಬೂಟಿನ ಮುಂಭಾಗ ಅವರ ಹುಬ್ಬಿಗೆ ಬಡಿಯಿತು. ಎದ್ದಾಗ ಮುಖದ ತುಂಬ ರಕ್ತ, ಕೈಯಲ್ಲಿ ಚೆಂಡು. ನಾನು ಕಿರುಚಿದ್ದು ನನಗೇ ನೆನಪಿಲ್ಲ. ಮರುದಿನ ಗಂಟಲು ಕಟ್ಟಿದ್ದರಿಂದ ಗೊತ್ತಾಯಿತು.

ಢಾಲು ನಮ್ಮದಾಯಿತು. ಪಂದ್ಯ ಮುಗಿದ ಮೇಲೆ ಎರಡೂ ತಂಡದವರಿಗೆ ಒಟ್ಟಿಗೆ ಚಹಾ, ಭಜಿ. ಬೇವಿನ ಗಿಡದ ಕೆಳಗೆ ಮಾವ ಕಣ್ಣು ಮುಚ್ಚಿ ಕೂತಿದ್ದರು. ಜಾಬರ್ ಕಾಕಾ ಒಂದು ತೊಳೆದ ಚಿಂದಿಪಟ್ಟಿಯನ್ನು ಅವರ ಹಣೆಗೆ ಸುತ್ತುತ್ತಿದ್ದರು. ಸಾಹೇಬರು ಅಲ್ಲಿಗೆ ಬಂದು ಮಾವನ ಬೆನ್ನು ತಟ್ಟಿ, ಎಲ್ಲರೂ ನಿಂತಾಗ ನೀನೊಬ್ಬ ಹೇಗೆ ನಿಲ್ಲಲಿಲ್ಲ ಎಂದು ಮರಾಠಿಯಲ್ಲಿ ಕೇಳಿದರು. ಮಾವ ಕಣ್ಣು ಮುಚ್ಚಿದ್ದರು. ಕೇಳಿದವರ ತುಟಿ ಕಾಣದ ಮೇಲೆ ಅವರ ಪಾಲಿಗೆ ಪ್ರಶ್ನೆಯೇ ಇರಲಿಲ್ಲ. ಬೆನ್ನು ತಟ್ಟಿದ್ದಕ್ಕೆ ಸುಮ್ಮನೆ ನಕ್ಕರು.

ಆ ಗಾರ್ಡು ಭಜಿಯ ತಾಟು ಹಿಡಿದು ಅಲ್ಲೇ ನಿಂತಿದ್ದರು. ಸೋತ ಸಿಟ್ಟು, ತಮ್ಮ ಸೀಟಿಯಿಂದಲೇ ನಗೆಪಾಟಲಾದ ಸಿಟ್ಟು. "ಸೊಕ್ಕು ನೋಡ್ರಿ" ಎಂದರು ಕನ್ನಡದಲ್ಲಿ. "ಸೀಟಿ ಹೊಡದ್ರೂ ನಿಂದರಲಿಲ್ಲ. ಸಾಹೇಬರು ಕೇಳಿದ್ರ ಉತ್ತರಾನೂ ಕೊಡವಲ್ಲ."

ನನ್ನ ನೆತ್ತಿ ಕಾಯಿತು. ಆಣೆ ನೆನಪಾಗಲಿಲ್ಲ, ಅತ್ತೆ ನೆನಪಾಗಲಿಲ್ಲ.

"ಸೊಕ್ಕಲ್ಲ!" ಎಂದು ಒದರಿದೆ. "ನಮ್ಮ ಮಾವಗ ಕಿವಿ ಕೇಳಸಂಗಿಲ್ಲ!"

ಜಾಬರ್ ಕಾಕಾರ ಕೈಯಲ್ಲಿದ್ದ ಪಟ್ಟಿ ನಿಂತಿತು. ಸುತ್ತಲಿದ್ದ ಉಳಿದ ಒಂಬತ್ತು ಮಂದಿಯೂ ಚಹಾದ ಬಟ್ಟಲು ಹಿಡಿದು ಹಾಗೇ ನಿಂತರು. ನನಗೆ ಆಗ ಬುದ್ಧಿ ಬಂತು. ಕಾಲ ಕೆಳಗಿನ ನೆಲ ಬಿರಿದು ನುಂಗಿದ್ದರೆ ಚೆನ್ನಾಗಿತ್ತು. ಸಾಹೇಬರು ನನ್ನ ಕಡೆ ತಿರುಗಿ, ಆಮೇಲೆ ಗಾರ್ಡಿನ ಕಡೆ ತಿರುಗಿ ಕೇಳಿದರು: "ಕಾಯ್ ಮ್ಹಣತೇ ಪೋರಗೀ?" ಹುಡುಗಿ ಏನನ್ನುತ್ತಾಳೆ?

ಗಾರ್ಡು ನನ್ನನ್ನು ನೋಡಿದರು. ಮಾವನ ಹಣೆಯ ಪಟ್ಟಿಯನ್ನು ನೋಡಿದರು. ಗಿರಣಿಯ ಕಾಯ್ದೆ ಅವರಿಗೂ ಗೊತ್ತಿದ್ದಿರಬೇಕು. ಸೊಲ್ಲಾಪುರದಲ್ಲಿ ಯಾರಿಗೆ ಗೊತ್ತಿರಲಿಲ್ಲ? ಹುಡುಗಿಗೆ ಇನ್ನಷ್ಟು ಭಜಿ ಬೇಕಂತೆ ಎಂದು ಮರಾಠಿಯಲ್ಲಿ ಸಾಹೇಬರಿಗೆ ಹೇಳಿ, ಕೈಯಲ್ಲಿದ್ದ ತಾಟನ್ನು ನನ್ನ ಮುಂದೆ ಹಿಡಿದರು. ಸಾಹೇಬರು ಮೊದಲ ಸಲ ನಕ್ಕಿದ್ದನ್ನು ನಾನು ಕಂಡೆ. ಇನ್ನೊಂದು ತಾಟು ತರಲು ಹೇಳಿ ಅವರು ಮುಂದೆ ಹೋದರು.

"ತಿನ್ನು" ಎಂದರು ಗಾರ್ಡು, ಮೆಲ್ಲಗೆ. "ಈಗ ತಿನ್ನಾಕಽ ಬೇಕಾಗ್ತದ."

ಎರಡು ತಾಟು ಭಜಿ ತಿಂದೆ. ಕಣ್ಣಲ್ಲಿ ನೀರು ಇಳಿದದ್ದಕ್ಕೆ ಮೆಣಸಿನಕಾಯಿಯ ನೆಪ ಸಿಕ್ಕಿತು. ಆ ಗಾರ್ಡನ್ನು ನಾನು ಮತ್ತೆ ಎಂದೂ ನೋಡಲಿಲ್ಲ. ಈಗಲೂ ರೈಲಿನಲ್ಲಿ ಕೂತು ಸೀಟಿ ಕೇಳಿದಾಗ ಮನಸ್ಸಿನಲ್ಲೇ ಅವರಿಗೊಂದು ನಮಸ್ಕಾರ ಹಾಕುತ್ತೇನೆ.

ಹೊತ್ತು ಇಳಿಯುವಾಗ ಲಾರಿ ಹೊರಟಿತು. ಮಾವ ಢಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಮೂಲೆಯಲ್ಲಿ ನಿದ್ದೆ ಹೋಗಿದ್ದರು. ನಾನು ಜಾಬರ್ ಕಾಕಾರ ಪಕ್ಕ ಮುದುಡಿ ಕೂತಿದ್ದೆ.

"ಕಾಕಾ, ನನ್ನ ಮ್ಯಾಲ ಸಿಟ್ಟು ಬಂದದೇನ್ರಿ? ನಿಮ್ಮೆಲ್ಲಾರಿಗೂ ಇವತ್ತ ಗೊತ್ತಾತು" ಎಂದೆ.

ಅವರು ಬೀಡಿ ಆರಿಸಿದರು. "ಹುಚ್ಚಿ, ಮಗ್ಗದ ಮುಂದ ಗದ್ದಲ ಇರ್ತದ, ಅದಕ್ಕ ಕೈಲೆ ಮಾತಾಡ್ತೀವಿ. ಮೈದಾನದಾಗ ಎಲ್ಲಿ ಮಗ್ಗ ಅದಾವ? ಅಲ್ಲಿ ಯಾಕ ಕೈ ಮಾಡ್ತೀವಿ ಅಂತ ಯಾವಾಗರ ಕೇಳಿಯೇನು?"

ನಾನು ಕೇಳಿರಲಿಲ್ಲ. ಸಾಲಿಯಲ್ಲಿ ಜಂಬ ಕೊಚ್ಚಿದ್ದೊಂದೇ. ಮೂರು ವರ್ಷದ ಹಿಂದಿನವರೆಗೆ ಅವರೂ ಎಲ್ಲರಂತೆ ಕೂಗಿಕೊಂಡೇ ಆಡುತ್ತಿದ್ದರಂತೆ. ಮಾವ ಕೂಗಿದ್ದಕ್ಕೆ ತಿರುಗದಿದ್ದುದನ್ನು ಒಬ್ಬ ಕಂಡ, ಆಮೇಲೆ ಇನ್ನೊಬ್ಬ ಕಂಡ. ಯಾರೂ ಅದರ ಬಗ್ಗೆ ಮಾತೆತ್ತಲಿಲ್ಲ. ಒಂದು ದಿನ ಎಲ್ಲರೂ ಬಾಯಿ ಮುಚ್ಚಿ ಕೈಯಲ್ಲಿ ಆಡತೊಡಗಿದರು.

"ಅಂವಗ ಮಾತ್ರ ಹೇಳಬ್ಯಾಡ ಮತ್ತ" ಎಂದರು ಕಾಕಾ. "ಯಾರಿಗೂ ಗೊತ್ತಿಲ್ಲ ಅಂತ ತಿಳಕೊಂಡಾನ. ಹಂಗಽ ಇರಲಿ."

ಮನೆಯಲ್ಲಿ ಅತ್ತೆ ಹಣೆಯ ಪಟ್ಟಿ ನೋಡಿ ಮೊದಲು ಅತ್ತಳು, ಆಮೇಲೆ ನನಗೊಂದು ಬಟಾಟೆ ತಂದುಕೊಟ್ಟಳು. ನಾನು ಎಲ್ಲ ಆಡಿ ತೋರಿಸಿದೆ. ಭಜಿಯ ಭಾಗವನ್ನು ಮಾತ್ರ ಬಿಟ್ಟೆ. ಮಾವ ಇನ್ನೂ ನಾಲ್ಕು ವರ್ಷ ಆಡಿದರು. ಆ ನಾಲ್ಕೂ ವರ್ಷ ಹತ್ತು ಮಂದಿ ಬಾಯಿಬಿಡದೆ ಆಡಿದರು.

ಕೊನೆಯ ದಿನಗಳಲ್ಲಿ ಮಾವ ನನ್ನ ಮನೆಯಲ್ಲೇ ಇದ್ದರು. ಜಾಬರ್ ಕಾಕಾ ಹೋಗಿ ಬಹಳ ವರ್ಷವಾಗಿತ್ತು. ಒಂದು ಮಧ್ಯಾಹ್ನ ಮಾವ ನನ್ನನ್ನು ಹತ್ತಿರ ಕರೆದು, ಹುಬ್ಬಿನ ಕಲೆಯನ್ನು ಸವರಿಕೊಳ್ಳುತ್ತ ಹೆಮ್ಮೆಯಿಂದ ಹೇಳಿದರು: "ಹತ್ತು ಮಂದಿ ನಡುವ ಏಳು ವರ್ಷ ಆಡೀನಿ. ಒಬ್ಬಗೂ ಗೊತ್ತಾಗಲಾರದಂಗ ಆಡೀನಿ ನೋಡು."

ನಾನು ಅವರಿಗೆ ಕಾಣುವಂತೆ ಎದುರಿಗೆ ಕೂತು, ತುಟಿ ಬಿಡಿಸಿ ನಿಧಾನವಾಗಿ ಹೇಳಿದೆ, "ಹೌದು ಮಾವ, ಒಬ್ಬರಿಗೂ ಗೊತ್ತಾಗಲಿಲ್ಲ."