ಗಾಳಿ ನೋಡುವ ಕೃತಿಕಾ ಮೇಡಂ

ನಮ್ಮ ಕೊಪ್ಪದ ಅಡಿಕೆ ಬೆಳೆಗಾರರಿಗೆ ರೋಗದ ಮುನ್ಸೂಚನೆ ಕೊಡುವವರು ಕೃತಿಕಾ ಮೇಡಂ. ಗಾಳಿ ಬೀಸಿದರೆ ಸಾಕು, ಆಡುತ್ತಿದ್ದ ಮಾತು ನಿಲ್ಲಿಸಿ ಅದು ಬಂದ ದಿಕ್ಕಿಗೆ ತಿರುಗಿಬಿಡುತ್ತಾರೆ. ಮದುವೆ ಊಟದಲ್ಲೂ ಕಣ್ಣು ಮೊಬೈಲಿನ ಮಳೆ ನಕ್ಷೆಯ ಮೇಲೆ. ಎಲೆಯ ಮೇಲಿನ ಪಾಯಸ ಪಕ್ಕದವರ ಅನ್ನಕ್ಕೆ ಹರಿದರೂ ಗೊತ್ತಾಗದು. "ಶೃಂಗೇರಿ ಕಡೆ ಗಾಳಿ ಎಲೆಚುಕ್ಕಿ ರೋಗ ಹೊತ್ತು ತರ್ತಿದೆ. ನಾಳೆ ಮಳೆ ಬಿಟ್ಟು ಹೊಳವಾಗ್ತದೆ, ಔಷಧಿ ಹೊಡೆದುಬಿಡಿ" ಎಂದು ಅವರ ಧ್ವನಿ ಫೋನಿಗೆ ಬಂದರೆ ಊರಿಗೆ ಊರೇ ತೋಟಕ್ಕಿಳಿಯುತ್ತದೆ. ಈ ಸಲವೂ ಎಲ್ಲರೂ ಔಷಧಿ ಹೊಡೆದರು; ಯಾರ ತೋಟದಲ್ಲೂ ರೋಗ ಕಾಣಲಿಲ್ಲ. "ಸುಮ್ನೆ ಹೆದರಿಸಿದ್ರಲ್ಲ ಮಾರಾಯ್ರೆ!" ಎಂದು ಔಷಧಿಗೆ ದುಡ್ಡು ಸುರಿದಿದ್ದ ಬೆಳೆಗಾರ ಬೈರಪ್ಪ ರೇಗಿದ. ಮೇಡಂ ನಕ್ಕು, ಅವನನ್ನು ತಮ್ಮ ಹಿತ್ತಿಲಿಗೆ ಕರೆದೊಯ್ದರು. ಪರೀಕ್ಷೆಗೆಂದೇ ಔಷಧಿ ಹೊಡೆಯದೆ ಬಿಟ್ಟಿದ್ದ ಒಂದು ಮರ ಅಲ್ಲಿತ್ತು. ಅದರ ಸೋಗೆಯ ತುಂಬ ಚುಕ್ಕಿ. ಬೈರಪ್ಪ ತಲೆಯೆತ್ತಿ, ಏನೂ ಕಾಣದ ಆ ಗಾಳಿಯನ್ನೇ ನೋಡುತ್ತ ನಿಂತ. ಗುಡಿಯ ಮುಂದೆ ಬಿಡುವಂತೆ ಚಪ್ಪಲಿ ಯಾವಾಗ ಬಿಟ್ಟನೋ, ಅವನಿಗೇ ಗೊತ್ತಿರಲಿಲ್ಲ.